ತೋಟದ ಮನೆಯ ಕಟ್ಟಿಗೆ ಒಲೆ: ಹೊಗೆಯ ಹೊತ್ತು ನೋಡಿ ದೋಷ ಗುರುತಿಸುವ ಕೈಪಿಡಿ

ಬೀದರ್‌ನ ಪ್ರಸ್ಥಭೂಮಿಯ ಮೇಲಾಗಲಿ, ಚಿಂಚೋಳಿಯ ಕಾಡಿನ ಅಂಚಿನಲ್ಲಾಗಲಿ ತೋಟದ ಮನೆ ಕಟ್ಟಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವವರು ಕೂರುವ ಕೋಣೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಕಟ್ಟಿಗೆ ಒಲೆ ಇರಿಸಿದ್ದರೆ, ಅದಕ್ಕೆ ಕೆಲಸ ಇರುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ. ವರ್ಷದ ಉಳಿದ ಭಾಗವೆಲ್ಲ ಅದು ತಣ್ಣಗೆ ನಿಂತಿರುತ್ತದೆ. ಬೇಸಿಗೆಯ ಧೂಳು, ಮಳೆಗಾಲದ ತೇವ, ಗುಬ್ಬಿ ಮತ್ತು ಗೊರವಂಕಗಳ ಗೂಡು ಎಲ್ಲವೂ ಹೊಗೆ ಹೋಗುವ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮನೆ ಒಮ್ಮೆಲೇ ತುಂಬಿ, ಇಂಥ ಒಲೆಯನ್ನು ಹಿಂದೆಂದೂ ಹೊತ್ತಿಸದವರ ಕೈಗೆ ಬೆಂಕಿಪೆಟ್ಟಿಗೆ ಸಿಗುತ್ತದೆ. ಹಿಮ ಬೀಳುವ ದೇಶಗಳಿಗಾಗಿ ಬರೆದ ಒಲೆಯ ಕೈಪಿಡಿಗಳು ಈ ಎರಡು ಸಂಗತಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಸುರಕ್ಷತೆಯ ನಿಯಮಗಳು ಅವೇ ಆದರೂ, ಇಲ್ಲಿ ಮೊದಲು ಹುಡುಕಬೇಕಾದ ದೋಷಗಳು ಬೇರೆ.

ಎರಡು ಸಂದರ್ಭಗಳಲ್ಲಿ ದೋಷ ಹುಡುಕುತ್ತ ಕೂರಬಾರದು. ಕೋಣೆಯಲ್ಲಿರುವವರಿಗೆ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಾರಣವಿಲ್ಲದ ಮಂಪರು ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಂಡರೆ ಎಲ್ಲರನ್ನೂ, ಮಲಗಿರುವವರನ್ನು ಎಬ್ಬಿಸಿ, ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಇವು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಲಕ್ಷಣಗಳಿರಬಹುದು. ಕೊಳವೆಯೊಳಗಿಂದ ಮೊರೆತ ಕೇಳಿಸಿ ಮೇಲಿನ ತುದಿಯಿಂದ ಕಿಡಿಗಳು ಹಾರುತ್ತಿದ್ದರೆ ಕೊಳವೆಯೊಳಗಿನ ಮಸಿಗೇ ಬೆಂಕಿ ಹತ್ತಿದೆ ಎಂದರ್ಥ. ಆಗ ಒಲೆಯ ಬಾಗಿಲನ್ನೂ ಉರಿಗೆ ಗಾಳಿ ಬಿಡುವ ಅದರ ಗಾಳಿಕಿಂಡಿಗಳೆಲ್ಲವನ್ನೂ ಮುಚ್ಚಿ, ಮನೆ ಖಾಲಿ ಮಾಡಿಸಿ, 112 ಅಥವಾ 101ಕ್ಕೆ ತಿಳಿಸಬೇಕು. ಕೊಳವೆಯೊಳಕ್ಕೆ ನೀರು ಸುರಿಯಬಾರದು. ಇಂಥ ಬೆಂಕಿಯ ಬಿಸಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು, ಆ ಬಿಸಿಗೆ ತಣ್ಣೀರು ತಗುಲಿದರೆ ನೀರು ಒಮ್ಮೆಲೇ ಆವಿಯಾಗಿ ಉಬ್ಬಿ ಕೊಳವೆ ಸೀಳುತ್ತದೆ. ಬೆಂಕಿ ತಾನಾಗಿ ಆರಿದರೂ ಕೊಳವೆಯನ್ನು ಪೂರ್ತಿ ಬಿಚ್ಚಿ ನೋಡುವ ತನಕ ಆ ಒಲೆಯನ್ನು ಮತ್ತೆ ಹೊತ್ತಿಸುವಂತಿಲ್ಲ.

ಮೊದಲ ಪ್ರಶ್ನೆ: ಯಾವಾಗ?

ಒಲೆಯ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೊಗೆಯ ದೂರುಗಳೇ. ದೂರು ಕೇಳಿದ ಕೂಡಲೇ ಮನೆಯವರು ಹೊಗೆ ಎಷ್ಟು ಬರುತ್ತಿದೆ ಎಂದು ಕೇಳುತ್ತಾರೆ, ಆಮೇಲೆ ಕಿಟಕಿ ತೆರೆಯಲು ಹೇಳುತ್ತಾರೆ. ಹೊಗೆಯ ಪ್ರಮಾಣದಿಂದ ಏನೂ ತಿಳಿಯದು. ಹೊತ್ತಿಸುವಾಗಲೇ ಬರುತ್ತದೆಯೋ, ಕಟ್ಟಿಗೆ ಹಾಕಲು ಬಾಗಿಲು ತೆರೆದಾಗ ಮಾತ್ರ ಬರುತ್ತದೆಯೋ, ಗಾಳಿ ಬೀಸಿದಾಗ ಕಂತುಕಂತಾಗಿ ಬರುತ್ತದೆಯೋ, ಅಥವಾ ಕಳೆದ ವಾರಕ್ಕಿಂತ ಈ ವಾರ ಹೆಚ್ಚಾಗಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ದೋಷ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆಯೇ. ದೂರು ಫೋನಿನಲ್ಲಿ ಬಂದಾಗ ಇದೊಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇದರ ಹಿಂದಿರುವ ತತ್ತ್ವ ಸರಳವಾದದ್ದು. ಒಲೆಗೆ ಹೊಗೆಯನ್ನು ಹೊರದಬ್ಬುವ ಶಕ್ತಿ ಇಲ್ಲ. ಹೊಗೆಯನ್ನು ಎಳೆದುಕೊಳ್ಳುವುದು ಕೊಳವೆ. ಸಮುದ್ರಮಟ್ಟದ ಲೆಕ್ಕದಲ್ಲಿ 15 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗಿದರೆ, 200 ಡಿಗ್ರಿಯ ಅಷ್ಟೇ ಗಾಳಿ ಸುಮಾರು 0.75 ಕಿಲೋ ತೂಗುತ್ತದೆ. ಈ ತೂಕದ ಅಂತರ ಮತ್ತು ಕೊಳವೆಯ ಎತ್ತರ, ಇವೆರಡೂ ಕೂಡಿ ಸೆಳೆತ ಹುಟ್ಟುತ್ತದೆ. ಆದ್ದರಿಂದ ಕೊಳವೆ ತಣ್ಣಗಿದ್ದರೂ, ಗಿಡ್ಡವಿದ್ದರೂ, ಕಟ್ಟಿಕೊಂಡಿದ್ದರೂ, ಮನೆಯೊಳಗೆ ಬೇರೊಂದು ಸೆಳೆತ ಅದಕ್ಕೆ ಎದುರಾದರೂ ಫಲ ಒಂದೇ: ಹೊಗೆ ಮನೆಯೊಳಗೆ ಬರುತ್ತದೆ.

ಹೊತ್ತಿಸುವಾಗಲೇ ಹೊಗೆ ಬಂದರೆ

ಕಲಬುರಗಿ ಮತ್ತು ಬೀದರ್ ಕಡೆ ಚಳಿಗಾಲದಲ್ಲೂ ಹಗಲು ಬೆಚ್ಚಗೇ ಇರುತ್ತದೆ. ಚಳಿ ಇಳಿಯುವುದು ಕತ್ತಲಾದ ಮೇಲೆ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಯ ಮನೆಯಾದರೋ ಹಿಂದಿನ ರಾತ್ರಿಯ ತಂಪನ್ನು ಸಂಜೆಯವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಹೀಗಾಗಿ ಸಂಜೆ ಐದರ ಹೊತ್ತಿಗೆ ಒಲೆ ಹೊತ್ತಿಸಲು ಹೋದರೆ ಮನೆಯೊಳಗಿನ, ಕೊಳವೆಯೊಳಗಿನ ಗಾಳಿ ಹೊರಗಿನದಕ್ಕಿಂತ ತಂಪಾಗಿಯೂ ಭಾರವಾಗಿಯೂ ಇದ್ದು ಕೆಳಮುಖವಾಗಿ ಹರಿಯುತ್ತಿರುತ್ತದೆ. ಅದೇ ಒಲೆ, ಅದೇ ಕಟ್ಟಿಗೆ, ರಾತ್ರಿ ಎಂಟಕ್ಕೆ ಹೊತ್ತಿಸಿದರೆ ಹೊಗೆಯೇ ಬರುವುದಿಲ್ಲ. ಇದನ್ನು ಅರಿಯದೆ ಒಲೆಯನ್ನೇ ಬದಲಿಸಲು ಹೊರಡುವವರಿದ್ದಾರೆ.

ಪರೀಕ್ಷೆಗೆ ಒಂದು ಊದಿನಕಡ್ಡಿ ಸಾಕು. ಒಲೆ ಪೂರ್ತಿ ತಣ್ಣಗಿರುವಾಗ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು, ಹೊತ್ತಿಸಿದ ಊದಿನಕಡ್ಡಿಯನ್ನು ಆ ಸಂದಿಯ ಮುಂದೆ ಅಲುಗದಂತೆ ಹಿಡಿಯಬೇಕು. ಫ್ಯಾನ್ ಬಂದ್ ಆಗಿರಬೇಕು. ಎಳೆಯಾಗಿ ಏಳುವ ಹೊಗೆ ಒಲೆಯ ಕಡೆ ಬಾಗಿ ಒಳಗೆ ಹೋದರೆ ಕೊಳವೆ ಎಳೆಯುತ್ತಿದೆ. ನೇರವಾಗಿ ಮೇಲೇರಿದರೆ ಸೆಳೆತ ಇಲ್ಲ. ಹಿಡಿದವರ ಮುಖದ ಕಡೆ ಬಾಗಿದರೆ ಗಾಳಿ ಹಿಮ್ಮುಖವಾಗಿದೆ, ಆ ಹೊತ್ತಿನಲ್ಲಿ ಬೆಂಕಿ ಹಚ್ಚಿದರೆ ಹೊಗೆಯೂ ಅದೇ ದಾರಿ ಹಿಡಿಯುತ್ತದೆ.

ಹಿಮ್ಮುಖವಾಗಿದ್ದರೆ ಗಾಳಿ ಬೀಸುವ ಕಡೆಯ ಒಂದು ಕಿಟಕಿಯನ್ನು ಸ್ವಲ್ಪ ಹೊತ್ತು ತೆರೆದಿಟ್ಟು ಒಳಗಿನ, ಹೊರಗಿನ ಒತ್ತಡ ಸರಿದೂಗಲು ಬಿಡಬೇಕು. ಅನಂತರ ಒಂದೆರಡು ಹಾಳೆ ಪತ್ರಿಕೆಯನ್ನು ಸಡಿಲವಾಗಿ ಹೊಸೆದು, ಕೊಳವೆಯ ಬಾಯಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಒಲೆಯೊಳಗೇ ಉರಿಸಿದರೆ ಕೊಳವೆಯ ತಣ್ಣನೆಯ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಊದಿನಕಡ್ಡಿಯ ಹೊಗೆ ದಿಕ್ಕು ಬದಲಿಸಿದ ಮೇಲೆ ಕಟ್ಟಿಗೆಗೆ ಬೆಂಕಿ ಇಡಬೇಕು. ದಪ್ಪ ಕೊರಡುಗಳನ್ನು ಕೆಳಗಿಟ್ಟು, ಅದರ ಮೇಲೆ ಸಣ್ಣ ಸೀಳು, ತುತ್ತತುದಿಯಲ್ಲಿ ಚಿಕ್ಕ ಕಡ್ಡಿಗಳನ್ನು ಇಟ್ಟು ಮೇಲಿನಿಂದ ಹೊತ್ತಿಸಿದರೆ ಉರಿ ಮೊದಲು ಕೊಳವೆಯನ್ನು ಕಾಯಿಸುತ್ತದೆ, ಕೆಳಗಿನ ಕಟ್ಟಿಗೆಯಿಂದ ಹೊರಡುವ ಹೊಗೆ ಆ ಉರಿಯ ಮೂಲಕವೇ ಹಾದು ಸುಡುತ್ತದೆ. ಅಡುಗೆ ಒಲೆಗೆ ಕೆಳಗಿನಿಂದ ಬೆಂಕಿ ಹಚ್ಚಿ ರೂಢಿಯಾದ ಕೈಗೆ ಇದು ತಲೆಕೆಳಗಾಗಿ ಕಂಡರೂ ಮುಚ್ಚಿದ ಒಲೆಗೆ ಇದೇ ಸರಿಯಾದ ಕ್ರಮ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಇವುಗಳನ್ನು ಒಲೆಯ ಹತ್ತಿರವೂ ತರಬಾರದು. ಅವುಗಳ ಆವಿ ಒಲೆಯ ಪೆಟ್ಟಿಗೆಯಲ್ಲಿ ತುಂಬಿಕೊಂಡು ಒಮ್ಮೆಲೇ ಭಗ್ಗೆಂದು ಹೊರಚಿಮ್ಮುತ್ತದೆ.

ಇಷ್ಟು ಮಾಡಿದರೂ ದಿಕ್ಕು ಬದಲಾಗದಿದ್ದರೆ, ಅದರಲ್ಲೂ ಅದು ವರ್ಷದ ಮೊದಲ ಬೆಂಕಿಯಾಗಿದ್ದರೆ, ಹೊತ್ತಿಸುವ ಪ್ರಯತ್ನ ಬಿಟ್ಟು ಕೊಳವೆಯ ಮೇಲ್ತುದಿಯ ಟೊಪ್ಪಿಗೆಯನ್ನು ಬಿಚ್ಚಿ ನೋಡಬೇಕು. ಹುಲ್ಲು, ದಾರ, ಪ್ಲಾಸ್ಟಿಕ್ ಚೂರುಗಳ ಗೂಡೊಂದು ಅಲ್ಲಿ ಸಿಗುವ ಸಂಭವವೇ ಹೆಚ್ಚು. ಕಣಜ ಗೂಡು ಕಟ್ಟಿರುವುದೂ ಉಂಟು, ಆದ್ದರಿಂದ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದು ಕ್ಷೇಮ.

ಬಾಗಿಲು ತೆರೆದಾಗ ಮಾತ್ರ ಹೊಗೆ ಬಂದರೆ

ಇದು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥೈಸಲಾಗುವ ದೋಷ. ಹುಮನಾಬಾದ್ ಹತ್ತಿರದ ಒಂದು ತೋಟದ ಮನೆಯನ್ನು ನೋಡಿಕೊಳ್ಳುವವರು ಹೇಳಿದ ಮಾತಿನಲ್ಲೇ ಅದರ ಕಾರಣವೂ ಅಡಗಿತ್ತು: “ಮುಂಜಾನಿ ಛಲೋ ಉರಿತದ್ರಿ, ರಾತ್ರಿ ರೊಟ್ಟಿ ಮಾಡೂ ಹೊತ್ತಿಗಿ ಬಾಗ್ಲಾ ತೆಗದ್ರ ಹೊಗಿ ಹೊಳ್ಳಿ ಮನ್ಯಾಗ ಬರ್ಲಾಕತ್ತದ.” ರೊಟ್ಟಿ ಮಾಡುವ ಹೊತ್ತಿಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ತಿರುಗುತ್ತದೆ, ಚಳಿಯೆಂದು ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಫ್ಯಾನ್ ಹೊರಹಾಕಿದ ಗಾಳಿಗೆ ಬದಲಾಗಿ ಎಲ್ಲಿಂದಲಾದರೂ ಗಾಳಿ ಒಳಬರಲೇಬೇಕಲ್ಲ. ಮನೆಗೆ ಉಳಿದಿರುವ ತೆರೆದ ಬಾಯಿ ಒಲೆಯ ಕೊಳವೆಯೊಂದೇ. ಒಲೆಯ ಗಾಳಿಕಿಂಡಿಯ ಮುಂದೆ ಊದಿನಕಡ್ಡಿ ಹಿಡಿದು ಫ್ಯಾನಿನ ಗುಂಡಿ ಒತ್ತಿದಾಗ, ಒಳಕ್ಕೆ ಬಾಗಿದ್ದ ಹೊಗೆಯ ಎಳೆ ಒಂದು ಕ್ಷಣ ನಡುಗಿ ಹೊರಕ್ಕೆ ತಿರುಗುವುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಒಲೆ ರಿಪೇರಿಗೆಂದು ಕರೆಸಿದವರು ಮುಟ್ಟಬೇಕಾಗಿ ಬಂದದ್ದು ಅಡುಗೆಮನೆಯ ಕಿಟಕಿಯನ್ನು.

ಹಳೆಯ ಮರದ ಬಾಗಿಲು, ಕಿಟಕಿಗಳ ಸಂದಿಗಳಲ್ಲಿ ಬೇಕಾದಷ್ಟು ಗಾಳಿ ಆಡುತ್ತಿತ್ತು. ರಬ್ಬರ್ ಅಂಚಿನ ಸ್ಲೈಡಿಂಗ್ ಕಿಟಕಿ ಹಾಕಿಸಿದ ಹೊಸ ಮನೆಗಳಲ್ಲಿ ಅದು ಆಡುವುದಿಲ್ಲ. ಒಲೆಯಿರುವ ಕೋಣೆಯ ಹೊರಗೋಡೆಯಲ್ಲಿ ಮುಚ್ಚಲು ಬಾರದಂಥ ಒಂದು ಗಾಳಿಕಿಂಡಿ ಕೊರೆಸಿ, ಹಾವು, ಇಲಿ ನುಗ್ಗದಂತೆ ಜಾಲರಿ ಹಾಕಿಸುವುದೇ ಇದಕ್ಕೆ ಶಾಶ್ವತ ಪರಿಹಾರ. ಚಳಿ ಬರುತ್ತದೆಂದು ಅತಿಥಿಗಳು ಅದಕ್ಕೆ ಬಟ್ಟೆ ತುರುಕುವುದುಂಟು. ಹಾಗಾಗದಂತೆ ಅದನ್ನು ಒಲೆಯ ಹಿಂಬದಿಯಲ್ಲಿ ಕೊರೆಸುವುದು ಜಾಣತನ.

ಫ್ಯಾನ್ ಇಲ್ಲದೆಯೂ ಬಾಗಿಲು ತೆರೆದಾಗ ಹೊಗೆ ಬರುತ್ತಿದ್ದರೆ, ಬಾಗಿಲು ತೆರೆಯುವ ರೀತಿಯನ್ನು ಮೊದಲು ನೋಡಬೇಕು. ಒಲೆಯ ಗಾಳಿಕಿಂಡಿಯನ್ನು ಪೂರ್ತಿ ತೆರೆದು ಅರ್ಧ ನಿಮಿಷ ಬಿಟ್ಟು, ಬಾಗಿಲನ್ನು ಮೊದಲು ಒಂದು ಬೆರಳಷ್ಟು, ಆಮೇಲೆ ನಿಧಾನವಾಗಿ ಪೂರ್ತಿ ತೆರೆಯಬೇಕು. ಉರಿ ಎತ್ತರವಾಗಿರುವಾಗ ತೆರೆಯಬಾರದು, ಕೆಂಡವಾದ ಮೇಲೆ ತೆರೆಯಬೇಕು. ಆಗಲೂ ಬಂದರೆ ಒಲೆ ಆರಿದ ಮೇಲೆ ಒಳಗೆ ಟಾರ್ಚ್ ಬಿಟ್ಟು ಮೇಲ್ಭಾಗದ ಅಡ್ಡ ತಗಡನ್ನು ಪರೀಕ್ಷಿಸಬೇಕು. ಹೊಗೆಯನ್ನು ಸುತ್ತಿಸಿ ಕಳಿಸುವ ಈ ತಗಡಿನ ಮೇಲೆ ಬೂದಿ ಮತ್ತು ಉದುರಿದ ಮಸಿ ಗುಡ್ಡೆ ಕಟ್ಟುತ್ತದೆ. ಕೊಳವೆಯನ್ನು ಚೆನ್ನಾಗಿ ಉಜ್ಜಿಸಿ, ಉದುರಿದ್ದನ್ನು ಈ ತಗಡಿನ ಮೇಲಿಂದ ತೆಗೆಯಲು ಮರೆಯುವುದರಿಂದ, ಸ್ವಚ್ಛ ಮಾಡಿಸಿದ ಮರುದಿನವೇ ಹೊಗೆ ಹೆಚ್ಚಾಯಿತು ಎಂಬ ವಿಚಿತ್ರ ದೂರು ಹುಟ್ಟುತ್ತದೆ.

ಗಾಳಿ ಬೀಸಿದಾಗ ಹೊಗೆ ಬಂದರೆ

ಇಲ್ಲಿ ತಪ್ಪು ಚಾವಣಿಯ ಮೇಲಿದೆ. ಕೊಳವೆ ಚಾವಣಿಯನ್ನು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗೆ ಇರುವ ಚಾವಣಿಯ ಯಾವುದೇ ಭಾಗಕ್ಕಿಂತ 2 ಅಡಿಯಾದರೂ ಎತ್ತರವಿರಬೇಕು ಎಂಬುದು ಅಮೆರಿಕದಲ್ಲಿ ಚಾಲ್ತಿಯಲ್ಲಿರುವ ನಿಯಮ. ಒಲೆಯ ನೆತ್ತಿಯಿಂದ ಟೊಪ್ಪಿಗೆಯವರೆಗೆ ಒಟ್ಟು ಎತ್ತರ ಕನಿಷ್ಠ ನಾಲ್ಕೂವರೆ ಮೀಟರ್ ಇರಬೇಕೆಂಬುದು ಬ್ರಿಟನ್ನಿನದು. ಎರಡನ್ನೂ ಪಾಲಿಸುವುದು ಒಳ್ಳೆಯದು. ನಮ್ಮಲ್ಲಿ ಕೊಳವೆ ಹಾಕಿದಾಗ ಎಲ್ಲ ಸರಿಯಾಗಿಯೇ ಇದ್ದು, ಆಮೇಲೆ ಅದರ ಪಕ್ಕದಲ್ಲೇ ನೀರಿನ ಟ್ಯಾಂಕಿಗೆ ಕಟ್ಟೆ ಕಟ್ಟಿಸಿರುತ್ತಾರೆ, ಇಲ್ಲವೇ ಸೋಲಾರ್ ಹೀಟರ್ ಕೂರಿಸಿರುತ್ತಾರೆ. ಅದಕ್ಕೆ ಬಡಿದ ಗಾಳಿ ಕೊಳವೆಯ ಬಾಯಿಗೆ ಇಳಿಯುತ್ತದೆ. ಮನೆಗೆ ಒರಗಿ ಬೆಳೆದ ಬೇವಿನ ಮರವೂ ಇದೇ ಕೆಲಸ ಮಾಡುತ್ತದೆ. ಕೊಳವೆಯನ್ನು ಎತ್ತರಿಸುವುದು ಅಥವಾ ಗಾಳಿ ತಡೆಯುವ ಟೊಪ್ಪಿಗೆ ಹಾಕಿಸುವುದು, ಇವೆರಡೇ ಉಪಾಯ. ಕೊಳವೆಯ ನಡುವೆ 90 ಡಿಗ್ರಿಯ ಮೊಣಕೈ ತಿರುವುಗಳಿದ್ದರೆ ಅವುಗಳನ್ನು ತೆಗೆದು 45 ಡಿಗ್ರಿಯವನ್ನು ಹಾಕಿಸಬೇಕು.

ದಿನೇ ದಿನೇ ಹೆಚ್ಚುವ ಹೊಗೆ, ಕಪ್ಪಾಗುವ ಗಾಜು

ಒಲೆ ಚೆನ್ನಾಗಿದ್ದು ನಿಧಾನವಾಗಿ ಕೆಡುತ್ತ ಬಂದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತಿದೆ. ಅದು ಕಟ್ಟಿಕೊಳ್ಳಲು ಕಾರಣ ಹೆಚ್ಚಾಗಿ ಹಸಿ ಕಟ್ಟಿಗೆ. ಆಗತಾನೇ ಕಡಿದ ಕಟ್ಟಿಗೆಯ ತೂಕದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ನೀರೇ ಇರುತ್ತದೆ. ಒಲೆಗೆ ಹಾಕುವ ಕಟ್ಟಿಗೆಯಲ್ಲಿ ಅದು ಶೇಕಡಾ 20ಕ್ಕಿಂತ ಕಡಿಮೆಯಿರಬೇಕು. ಆ ನೀರನ್ನು ಆವಿ ಮಾಡುವುದರಲ್ಲೇ ಉರಿಯ ಬಿಸಿ ಖರ್ಚಾಗಿ, ತಣ್ಣಗಾದ ಹೊಗೆ ಕೊಳವೆಯ ಗೋಡೆಗೆ ಅಂಟಿ ಕ್ರಿಯೋಸೋಟ್ ಎಂಬ ಡಾಂಬರಿನಂಥ ಪದಾರ್ಥವಾಗುತ್ತದೆ. ಕೊಳವೆ ಹೊತ್ತಿಕೊಳ್ಳುವುದು ಇದರಿಂದಲೇ. ಗಾಜು ಕಪ್ಪಾಗುವುದು ಇದರ ಮುನ್ಸೂಚನೆ, ಆದ್ದರಿಂದ ಕಪ್ಪಾದ ಗಾಜನ್ನು ಒರೆಸಿ ಸುಮ್ಮನಾಗಬಾರದು. ಗಾಜಿಗೆ ಅಂಟಿದ್ದಕ್ಕಿಂತ ಹೆಚ್ಚು ಕೊಳವೆಗೆ ಅಂಟಿರುತ್ತದೆ.

ಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಸಿಕ್ಕರೆ ಹಾಕಿಸುವುದು ಉತ್ತಮ. ಸಾಮಾನ್ಯವಾಗಿ ಅದರ ಮುಖದ ಮೇಲೆ ಸುಮಾರು 115ರಿಂದ 245 ಡಿಗ್ರಿಯವರೆಗಿನ ಭಾಗವನ್ನು ಸರಿಯಾದ ಉರಿ ಎಂದು ಗುರುತಿಸಿರುತ್ತಾರೆ. ಮುಳ್ಳು ಅದಕ್ಕಿಂತ ಕೆಳಗೇ ನಿಂತಿದ್ದರೆ ಹೊಗೆ ಕೊಳವೆಯಲ್ಲೇ ಹೆಪ್ಪುಗಟ್ಟುತ್ತಿದೆ. ರಾತ್ರಿಯಿಡೀ ಕೆಂಡ ಉಳಿಯಲಿ ಎಂದು ಒಲೆ ತುಂಬ ಕಟ್ಟಿಗೆ ತುರುಕಿ ಗಾಳಿಕಿಂಡಿ ಮುಚ್ಚಿ ಮಲಗುವ ಅಭ್ಯಾಸವೂ ಇದೇ ಫಲ ಕೊಡುತ್ತದೆ. ಕಟ್ಟಿಗೆ ಒಣಗಿದ್ದರೂ ಕೊಡುತ್ತದೆ.

ಕಟ್ಟಿಗೆ ಒಣಗಿದೆಯೇ ಎಂದು ತಿಳಿಯಲು ಎರಡು ಕೊರಡುಗಳನ್ನು ಒಂದಕ್ಕೊಂದು ಬಡಿದು ನೋಡಬೇಕು. ಒಣಗಿದ್ದು ಠಣ್ಣೆನ್ನುತ್ತದೆ, ಹಸಿಯಾದದ್ದು ದಪ್ಪೆನ್ನುತ್ತದೆ. ಒಣಗಿದ ಕೊರಡಿನ ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಸೀಳು ಬಿಟ್ಟಿರುತ್ತದೆ, ತೊಗಟೆ ಕೈಯಿಂದ ಎಳೆದರೆ ಬರುತ್ತದೆ. ತೇವ ಅಳೆಯುವ ಮೀಟರ್ ಇದ್ದರೆ ಕೊರಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಬೇಕು. ಹೊರಮೈ ನಮ್ಮ ಬಿಸಿಲಿಗೆ ಬೇಗ ಒಣಗಿರುವುದರಿಂದ ಅಲ್ಲಿನ ಅಂಕಿ ಮೋಸ ಮಾಡುತ್ತದೆ. ಬಿಸಿಲೊಂದು ಮಾತ್ರ ನಮ್ಮಲ್ಲಿ ಧಾರಾಳ. ಮಾಘದಲ್ಲಿ ಸೀಳಿ, ನೆಲದಿಂದ ಒಂದಡಿ ಎತ್ತರಿಸಿ, ಗಾಳಿಯಾಡುವಂತೆ ಒಟ್ಟಿದ ಜಾಲಿ ಕಟ್ಟಿಗೆ ಬೇಸಿಗೆ ಮುಗಿಯುವಷ್ಟರಲ್ಲಿ ಚೆನ್ನಾಗಿ ಒಣಗುತ್ತದೆ. ಮಳೆಗಾಲದಲ್ಲಿ ಅದರ ನೆತ್ತಿಯನ್ನು ಪತ್ರಾದಿಂದ ಮುಚ್ಚಿ, ಪಕ್ಕಗಳನ್ನು ತೆರೆದೇ ಬಿಡಬೇಕು. ತಾಡಪತ್ರಿಯಿಂದ ಸುತ್ತಿ ಕಟ್ಟಿದರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ನೆಲದ ಮೇಲೆಯೇ ಒಟ್ಟಿದರೆ ಗೆದ್ದಲು. ಚೇಳಿನ ಮಾತಂತೂ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಆದರೆ ಕತ್ತಲಲ್ಲಿ ಬರಿಗೈಯಿಂದ ಕೊರಡೆತ್ತುವ ಊರಿನ ಹೊರಗಿನ ಅತಿಥಿಗೆ ಹೇಳಲೇಬೇಕು.

ಬಳ್ಳಾರಿ ಜಾಲಿ, ಜಾಲಿ, ಹುಣಸೆ ಇವು ಗಟ್ಟಿ ಕಟ್ಟಿಗೆಗಳು, ಒಣಗಿದ್ದರೆ ಒಳ್ಳೆಯ ಕೆಂಡ ಕೊಡುತ್ತವೆ. ಬಣ್ಣ ಬಳಿದ ಹಳೆಯ ಚೌಕಟ್ಟು, ಪ್ಲೈವುಡ್, ಗೆದ್ದಲಿಗೆ ಔಷಧ ಹೊಡೆದ ಮರ, ಪ್ಲಾಸ್ಟಿಕ್ ಇವುಗಳ ಹೊಗೆ ವಿಷ. ಬೇಲಿಯ ಕಣಗಿಲೆ ಕಡಿದಾಗ ಅದನ್ನೂ ಒಲೆಗೆ ಹಾಕುವವರಿದ್ದಾರೆ. ಅದರ ಹೊಗೆಯೂ ವಿಷವೇ.

ಕೊಳವೆಯೊಳಗೆ ಮಸಿ ಎಷ್ಟಿದೆ ಎಂದು ಬಿಚ್ಚದೆಯೇ ಅಂದಾಜು ಮಾಡಲು ಕಟ್ಟಿಗೆಯ ತುಂಡಿನಿಂದ ತಣ್ಣಗಿನ ಕೊಳವೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಬೇಕು. ತೆಳುವಾದ, ಖಾಲಿ ಕೊಳವೆ ನಾದ ಕೊಡುತ್ತದೆ. ಮಸಿ ದಪ್ಪಗಟ್ಟಿದ ಜಾಗದಲ್ಲಿ ನಾದ ಸತ್ತು ಮೊಂಡಾಗುತ್ತದೆ. ಸಾಮಾನ್ಯವಾಗಿ ಚಾವಣಿಯ ಹೊರಗೆ, ಚಳಿಗಾಳಿ ತಗಲುವ ಭಾಗದಲ್ಲಿ ಅದು ಹೆಚ್ಚು. ಪದರ ಸುಮಾರು 3 ಮಿಲಿಮೀಟರ್ ಮುಟ್ಟಿದರೆ ಉಜ್ಜಿಸಲೇಬೇಕು. ಪುಡಿ ಮಸಿ ಕೊಳವೆಯ ಅಳತೆಯ ಬ್ರಷ್‌ಗೆ ಸುಲಭವಾಗಿ ಬರುತ್ತದೆ. ಗಾಜಿನಂತೆ ಹೊಳೆಯುವ ಗಟ್ಟಿ ಪದರವಾಗಿದ್ದರೆ ಯಾವ ಬ್ರಷ್‌ಗೂ ಬರುವುದಿಲ್ಲ, ಆ ತುಂಡು ಕೊಳವೆಯನ್ನೇ ಬದಲಿಸುವುದು ಅಗ್ಗ. ಟೊಪ್ಪಿಗೆಯ ಕೆಳಗೆ ಕಿಡಿ ತಡೆಯಲೆಂದು ಹಾಕಿದ ಜಾಲರಿಯನ್ನು ಮರೆಯಬಾರದು: ಕೊಳವೆ ಸ್ವಚ್ಛವಾಗಿದ್ದು ಜಾಲರಿ ಮಾತ್ರ ಟಾರಿನಿಂದ ಮುಚ್ಚಿಹೋಗಿರುವ ಒಲೆಯ ದೋಷ ಹುಡುಕುವುದರಲ್ಲಿ ದಿನಗಳೇ ಕಳೆಯಬಹುದು. ಹಾಗೆಂದು ಜಾಲರಿ ಕಿತ್ತೆಸೆಯುವಂತಿಲ್ಲ, ಪಕ್ಕದಲ್ಲೇ ಕಣಕಿಯ ಬಣವೆ ಇರುತ್ತದೆ.

ಕೊಳವೆಯ ಜೋಡಣೆಗಳ ಹೊರಮೈಯಲ್ಲಿ ಕಪ್ಪು ಧಾರೆ ಇಳಿದಿದ್ದರೆ ತುಂಡುಗಳನ್ನು ತಲೆಕೆಳಗಾಗಿ ಜೋಡಿಸಿದ್ದಾರೆ. ಮೇಲಿನ ತುಂಡಿನ ಕೆಳತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು, ಆಗ ಟಾರು ಒಳಗೇ ಇಳಿದು ಸುಡುತ್ತದೆ. ಹೊಗೆ ಸೋರದಿರಲು ಮೇಲಿನ ತುಂಡು ಕೆಳಗಿನದನ್ನು ಹೊರಗಿನಿಂದ ಹಿಡಿದಿರಬೇಕೆಂದು ತೋರುವುದರಿಂದ ಫ್ಯಾಬ್ರಿಕೇಶನ್ ಅಂಗಡಿಯವರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ. ಅವರೇ ಸುಲಭಕ್ಕೆ ಸಿಗುವ ಸತುವಿನ ಲೇಪದ ಜಿಐ ಕೊಳವೆ ಹಾಕಿದ್ದರೆ ಒಲೆಗೆ ಹತ್ತಿರದ ಭಾಗವನ್ನಾದರೂ ಕೂಡಲೇ ಬದಲಿಸಬೇಕು. ಸತುವು 420 ಡಿಗ್ರಿಗೆ ಕರಗುತ್ತದೆ, ಅದರ ಹೊಗೆ ಸೇರಿದರೆ ಜ್ವರ ಬರುತ್ತದೆ. ಸಿಮೆಂಟು ಶೀಟಿನ ಜಾತಿಯ ಕೊಳವೆ ಇನ್ನೂ ಕೆಟ್ಟದ್ದು, ಹೆಚ್ಚು ಬಿಸಿಗೆ ಸಿಡಿದು ಚೂರಾಗುತ್ತದೆ.

ಉರಿ ಹತೋಟಿಗೆ ಬಾರದಿದ್ದರೆ

ಒಲೆಯ ಗಾಳಿಕಿಂಡಿ ಮುಚ್ಚಿದರೂ ಉರಿ ತಗ್ಗದಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಒಲೆ ತಣ್ಣಗಿರುವಾಗ ಪತ್ರಿಕೆಯ ಒಂದು ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಬಾಗಿಲ ಅಂಚಿನ ಶಾಖನಿರೋಧಕ ಹಗ್ಗ ಸವೆದಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ ಹಗ್ಗವನ್ನು ಬದಲಿಸಬೇಕು. ಮಾಮೂಲು ಸೆಣಬಿನ ಹಗ್ಗ ತುರುಕಿದ ಒಲೆಗಳೂ ಇವೆ, ಅದು ಅಲ್ಲೇ ಉರಿಯುತ್ತದೆ.

ಹಗ್ಗ ಸರಿಯಿದ್ದರೆ ದೋಷ ಇಂಧನದ್ದು. ಕಲಬುರಗಿ ಸೀಮೆಯಲ್ಲಿ ತೊಗರಿ ಕಟ್ಟಿಗೆ ಹೊಲದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಹತ್ತಿ ಕಟ್ಟಿಗೆಯೂ ಹಾಗೆಯೇ. ಬೆಂಕಿ ಹತ್ತಿಸಲು ಇವುಗಳಿಗೆ ಸಾಟಿ ಇಲ್ಲ, ಒಂದು ಹಿಡಿ ಸಾಕು. ಆದರೆ ಒಲೆಯ ಪೆಟ್ಟಿಗೆ ತುಂಬ ತೊಗರಿ ಕಟ್ಟಿಗೆಯನ್ನೇ ತುಂಬಿದರೆ ಅದು ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ಹೊತ್ತಿ ಕೊಳವೆಯ ಬುಡ ಕೆಂಪಗಾಗುತ್ತದೆ, ಒಳಗೆ ಹಳೆಯ ಟಾರಿದ್ದರೆ ಅದಕ್ಕೂ ಹತ್ತುತ್ತದೆ. ಕಬ್ಬಿಣ ಕೆಂಪಗಾದರೆ ಎಲ್ಲ ಗಾಳಿ ಮುಚ್ಚಿ ಕಾಯಬೇಕು, ಬಾಗಿಲು ತೆರೆಯಬಾರದು, ನೀರು ಎರಚಬಾರದು. ಎರಚಿದರೆ ಎರಕದ ಕಬ್ಬಿಣ ಬಿರಿಯುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ.

ಸುಟ್ಟ ವಾಸನೆ, ಸಿಡಿಯುವ ನೆಲ, ಒಡೆಯುವ ಗಾಜು

ಹೊಸ ಒಲೆಯ ಬಣ್ಣ ಮೊದಲ ಕೆಲವು ಬೆಂಕಿಗಳಲ್ಲಿ ಕಮಟು ವಾಸನೆ ಬಿಡುವುದು ಸಹಜ, ಕಿಟಕಿ ತೆರೆದಿಟ್ಟರೆ ಸಾಕು. ಹಳೆಯ ಒಲೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮೇಲೆ ನೋಡಬೇಕು: ಪಿವಿಸಿ ಫಾಲ್ಸ್ ಸೀಲಿಂಗ್ ಕೊಳವೆಯ ಸುತ್ತ ಹಳದಿಯಾಗಿಯೋ ಜೋತುಬಿದ್ದೋ ಇರುತ್ತದೆ. ಒಂಟಿ ತಗಡಿನ ಕೊಳವೆಗೂ ಉರಿಯಬಲ್ಲ ಯಾವುದೇ ವಸ್ತುವಿಗೂ ನಡುವೆ 18 ಇಂಚು, ಒಲೆಗೂ ಅಂಥ ವಸ್ತುಗಳಿಗೂ ನಡುವೆ 36 ಇಂಚು ಅಂತರ ಬಿಡುವುದು ಮಾನ್ಯವಾದ ಕ್ರಮ. ಒಲೆ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನು ಪಾಲಿಸಬೇಕು. ಮರ ಮತ್ತೆ ಮತ್ತೆ ಬಿಸಿಯಾದಂತೆ ಒಳಗೇ ಇದ್ದಿಲಾಗುತ್ತ ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ‘ನಾಲ್ಕು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು. ಒಲೆಯ ಮುಂದೆ ಕುರ್ಚಿಗೆ ಹಾಕಿದ ಒದ್ದೆ ಟವೆಲ್, ಜಮಖಾನ ಇವೂ ಈ 36 ಇಂಚಿನ ಲೆಕ್ಕಕ್ಕೆ ಸೇರುತ್ತವೆ.

ಒಲೆಯ ಕೆಳಗೆ ಶಹಾಬಾದಿ ಫರಸಿ ಹಾಸಿದ್ದರೆ ಅದಕ್ಕೆ ಬೆಂಕಿ ಹತ್ತುವ ಭಯವಿಲ್ಲ, ಆದರೆ ಅದು ಪದರುಪದರಾದ ಸುಣ್ಣಕಲ್ಲು. ಕೆಂಡ ನೇರವಾಗಿ ಅದರ ಮೇಲೆ ಬಿದ್ದರೆ ಪದರಿನೊಳಗಿನ ತೇವ ಆವಿಯಾಗಿ ಕಲ್ಲು ಚಿಕ್ಕ ಬಿಲ್ಲೆಗಳಾಗಿ ಸಿಡಿದೇಳುತ್ತದೆ. ಕಾಲುಗಳ ಮೇಲೆ ನಿಂತ ಒಲೆಯ ಕೆಳಗೂ ಬಾಗಿಲ ಮುಂದೆಯೂ ಕಬ್ಬಿಣದ ತಗಡು ಹಾಸಿದರೆ ಈ ತೊಂದರೆ ತಪ್ಪುತ್ತದೆ. ಗಾಜಿನ ವಿಷಯದಲ್ಲಿ ಒಂದೇ ಮಾತು: ಒಲೆಯ ಬಾಗಿಲಿಗೆ ಸುಮಾರು 700 ಡಿಗ್ರಿ ತಾಳುವ ಸೆರಾಮಿಕ್ ಗಾಜು ಬೇಕು. ಒಡೆದದ್ದಕ್ಕೆ ಬದಲಾಗಿ ಊರಿನ ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಕಿಟಕಿಯ ಗಾಜು ಮೊದಲ ಜೋರು ಉರಿಗೇ ಬಿರುಕು ಬಿಡುತ್ತದೆ.

ಹೊಗೆ ಕಾಣದಿರುವಾಗಿನ ಅಪಾಯ

ಇಲ್ಲಿಯವರೆಗಿನ ದೋಷಗಳು ಕಣ್ಣಿಗೋ ಮೂಗಿಗೋ ತಿಳಿಯುವಂಥವು. ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉರಿ ಆರಿ ಕೆಂಡ ಮಾತ್ರ ಉಳಿದಾಗ ಹೊಗೆ ಕಾಣುವುದಿಲ್ಲ, ಕೊಳವೆ ತಣ್ಣಗಾಗಿ ಸೆಳೆತ ಕುಗ್ಗಿರುತ್ತದೆ, ಮನೆಯವರು ಮಲಗಿರುತ್ತಾರೆ. ಈ ಅನಿಲ ಕೋಣೆಗೆ ಹರಿಯಲು ಇದಕ್ಕಿಂತ ಅನುಕೂಲದ ಹೊತ್ತು ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಮನೆಯಲ್ಲೂ ಇದೆ, ಅನುಮಾನ ಬಂದಾಗ ಅದನ್ನೇ ಹಾಕಿ ನೋಡುವವರಿದ್ದಾರೆ. ಅದು ಈ ಅನಿಲ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹಿಡಿದದ್ದೆಂದೇ ಓದಿ 98 ಎಂದು ತೋರಿಸಬಹುದು. ಆ ಅಂಕಿಯನ್ನು ನಂಬಿ ಯಾರನ್ನೂ ಮತ್ತೆ ಮಲಗಿಸಬಾರದು, ಆಸ್ಪತ್ರೆಗೆ ಹೋದಾಗ ಒಲೆ ಉರಿಯುತ್ತಿದ್ದುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಒಲೆಯಿರುವ ಕೋಣೆಯಲ್ಲಿ ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ, ಗೋಡೆಗಾದರೆ ಬಾಗಿಲು, ಕಿಟಕಿಗಳ ನೆತ್ತಿಗಿಂತ ಮೇಲೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಬೇಕು. ಮಲಗುವ ಕೋಣೆಯಲ್ಲಿ ಇನ್ನೊಂದು. ಯುರೋಪಿನ ಮಾನದಂಡದ ಅಲಾರಂ ಹತ್ತು ಲಕ್ಷದಲ್ಲಿ 50 ಭಾಗದಷ್ಟು ಅನಿಲವಿದ್ದರೆ 60ರಿಂದ 90 ನಿಮಿಷದೊಳಗೆ, 300 ಭಾಗವಿದ್ದರೆ 3 ನಿಮಿಷದೊಳಗೆ ಕೂಗುತ್ತದೆ. ಹೊಗೆಯ ಅಲಾರಂ ಈ ಕೆಲಸ ಮಾಡುವುದಿಲ್ಲ. ಅಲಾರಮ್ಮಿಗೂ ಆಯುಷ್ಯವಿದೆ, ಅದರ ಹಿಂಬದಿಯಲ್ಲಿ ಬರೆದ ವರ್ಷ ದಾಟಿದ್ದರೆ ಗುಂಡಿ ಒತ್ತಿದಾಗ ಕೂಗಿದರೂ ಬದಲಿಸಬೇಕು. ಒಲೆ ಕೈಕೊಟ್ಟ ರಾತ್ರಿ ಅತಿಥಿಗಳ ಸಮಾಧಾನಕ್ಕೆಂದು ಕೆಂಡ ತುಂಬಿದ ಶೇಗಡಿಯನ್ನು ಮಲಗುವ ಕೋಣೆಗೆ ಕೊಡುವುದು ನಮ್ಮಲ್ಲಿ ಉಪಚಾರವೆನಿಸಿಕೊಂಡಿದೆ. ಅದಕ್ಕೆ ಕೊಳವೆಯೇ ಇಲ್ಲ. ಎರಡು ಕಂಬಳಿ ಹೆಚ್ಚಿಗೆ ಕೊಡಬೇಕು.

ಬೂದಿ ಮತ್ತು ಮುಚ್ಚಿಡುವ ಕ್ರಮ

ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಅದನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ, ಮನೆಯ ಹೊರಗೆ, ಕಲ್ಲಿನ ಮೇಲೆ ಇಟ್ಟು, ಪೂರ್ತಿ ತಣಿದ ಮೇಲೆಯೇ ತಿಪ್ಪೆಗೆ ಹಾಕಬೇಕು; ಪ್ಲಾಸ್ಟಿಕ್ ಬಕೆಟ್ ಮತ್ತು ರಟ್ಟಿನ ಪೆಟ್ಟಿಗೆಗಳಿಂದ ಆದ ಬೆಂಕಿಗಳು ಕಡಿಮೆಯೇನಲ್ಲ. ಉರಿಸುವ ದಿನಗಳಲ್ಲಿ ಒಲೆಯ ತಳದಲ್ಲಿ ಒಂದು ಇಂಚು ಬೂದಿ ಉಳಿಸಿದರೆ ಉರಿ ಚೆನ್ನಾಗಿರುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋದ ಮೇಲೆ ಮಾತ್ರ ಆ ಒಂದು ಇಂಚನ್ನೂ ಉಳಿಸಬಾರದು. ಬೂದಿ ಮಳೆಗಾಲದ ತೇವ ಹೀರಿ ಕ್ಷಾರವಾಗಿ ಕಬ್ಬಿಣದ ಜಾಲಿಯನ್ನು ತಿನ್ನುತ್ತದೆ. ಒಲೆಯನ್ನು ಗುಡಿಸಿ, ಕೊಳವೆ ಉಜ್ಜಿಸಿ, ಗಾಳಿಕಿಂಡಿಯನ್ನು ಸ್ವಲ್ಪ ತೆರೆದಿಟ್ಟು ಒಳಗೆ ಗಾಳಿಯಾಡಲು ಬಿಡಬೇಕು. ಹಕ್ಕಿ ಬರದಿರಲೆಂದು ಕೊಳವೆಯ ಬಾಯಿಗೆ ಗೋಣಿಚೀಲ ಕಟ್ಟುವುದಾದರೆ ಒಲೆಯ ಬಾಗಿಲ ಹಿಡಿಕೆಗೂ ಒಂದು ಕೆಂಪು ಬಟ್ಟೆ ಕಟ್ಟಿ, ‘ಮೇಲೆ ಚೀಲವಿದೆ, ಬಿಚ್ಚದೆ ಬೆಂಕಿ ಹಚ್ಚಬೇಡಿ’ ಎಂಬ ಚೀಟಿಯನ್ನು ಅದಕ್ಕೆ ಸಿಕ್ಕಿಸಬೇಕು. ಕಾರ್ತೀಕದಲ್ಲಿ ಆ ಬಾಗಿಲು ತೆರೆಯುವವರು ಚೀಲ ಕಟ್ಟಿದವರೇ ಆಗಿರುತ್ತಾರೆಂದು ಹೇಳಲಾಗದು.